ಮೊಲದ ತುಪ್ಪಳದ ಕೈಗವಸು

ಲೈಪ್‌ಜಿಗ್, 6 ನವೆಂಬರ್ 1844

ಸಿಂಫನಿ ಮುಗಿಯುವ ಮೊದಲೇ ಚಪ್ಪಾಳೆ ತಟ್ಟುವುದು ಕಳ್ಳತನ. ಕೇಳುವವನ ಎದೆಯಲ್ಲಿ ಉಳಿಯಬೇಕಾದ ಮೌನವನ್ನು, ದೀಪ ಉರಿಯುತ್ತಿರುವಾಗಲೇ, ಎಲ್ಲರ ಕಣ್ಣೆದುರು ಕದಿಯುವ ಕಳ್ಳತನ. ಇದನ್ನು ಹೇಳುವ ಧೈರ್ಯ ಈ ಊರಿನಲ್ಲಿ ಯಾರಿಗೂ ಇಲ್ಲ. ಆದ್ದರಿಂದ ಇಪ್ಪತ್ತೆರಡನೆಯ ವಯಸ್ಸಿನಲ್ಲೇ ಆ ಹೊರೆ ನನ್ನ ಹೆಗಲಿಗೆ ಬಿದ್ದಿದೆ.

ನಿನ್ನೆ ಸಂಜೆ ತುಪ್ಪಳದ ವ್ಯಾಪಾರಿಗಳ ಸಭಾಂಗಣದಲ್ಲಿ ಬೀಥೋವನ್‌ನ ಸಿಂಫನಿ ಇತ್ತು. ನಾನು ಮೇಲಂತಸ್ತಿನಲ್ಲಿ ಕಂಬದ ಹಿಂದೆ ನಿಂತಿದ್ದೆ. ಅಲ್ಲಿಂದ ಏನೂ ಕಾಣುವುದಿಲ್ಲ, ಎಲ್ಲವೂ ಕೇಳುತ್ತದೆ. ಮೊದಲ ಭಾಗ ಮುಗಿಯಿತು, ಧೋ ಎಂದು ಚಪ್ಪಾಳೆ. ಮನುಕುಲವೇ ತಲೆ ತಗ್ಗಿಸಿ ಕೂರಬೇಕಾದ ಆ ನಿಧಾನದ ಎರಡನೆಯ ಭಾಗ ಮುಗಿಯಿತು, "ಇನ್ನೊಮ್ಮೆ! ಇನ್ನೊಮ್ಮೆ!" ಎಂದು ಕೂಗಾಟ, ಸಾರಿನ ಬಟ್ಟಲು ಮುಂದೆ ಚಾಚಿದ ಹಾಗೆ. ವಾದ್ಯವೃಂದದವರು ಅದನ್ನೇ ಮತ್ತೆ ಬಡಿಸಿದರು. ಇಷ್ಟು ಸಾಲದು ಎಂಬಂತೆ, ಎರಡನೆಯ ಭಾಗಕ್ಕೂ ಮೂರನೆಯದಕ್ಕೂ ನಡುವೆ ಡ್ರೆಸ್ಡನ್ನಿನ ಕೊಳಲಿನವನೊಬ್ಬ ನುಗ್ಗಿ, ಇಟಲಿಯವರ ಯಾವುದೋ ನಾಟಕದ ಹಾಡನ್ನು ಹಿಡಿದು ಅದರ ರೆಕ್ಕೆಪುಕ್ಕ ಕಿತ್ತು ಹಾರಾಡಿಸಿದ. ಹೆಂಗಸರು ನಿಟ್ಟುಸಿರಿಟ್ಟರು. ನರಿಯ ಚರ್ಮ ಮಾರಿ ದೊಡ್ಡವರಾದ, ಸಭಾಂಗಣದ ಸಮಿತಿಯ ಅಧ್ಯಕ್ಷ ಹೆರ್ ಡ್ರೆಕ್ಸ್ಲರ್ ಮೆಚ್ಚಿ ನೆಲಕ್ಕೆ ಕೋಲು ಕುಟ್ಟಿದ್ದು ನನಗೆ ಮೇಲಿನವರೆಗೂ ಕೇಳಿಸಿತು.

ಜನತೆಗಾಗಿ ಪ್ರಾಣ ಕೊಡಲು ನಾನು ಸದಾ ಸಿದ್ಧ. ಆದರೆ ನಿನ್ನೆ ನನ್ನ ಪಕ್ಕದಲ್ಲಿ ನಿಂತು ಸೇಬು ಕಡಿಯುತ್ತಿದ್ದವನನ್ನು ಕೆಳಕ್ಕೆ ತಳ್ಳಿಬಿಡಬೇಕೆನಿಸಿತು.

ಹಗಲು ಪೂರ್ತಿ ಅಚ್ಚಿನಮನೆಯಲ್ಲಿ ತವರದ ತಗಡಿನ ಮೇಲೆ ಸುತ್ತಿಗೆಯಿಂದ ಸ್ವರಲಿಪಿ ಹೊಡೆಯುವುದು ನನ್ನ ಕೆಲಸ, ಅದೂ ಕನ್ನಡಿಯಲ್ಲಿ ಕಂಡಂತೆ ತಿರುಗುಮುರುಗಾಗಿ. ಈ ವಾರ ಹೊಡೆದದ್ದೆಲ್ಲ ಪೋಲ್ಕಾ ಎಂಬ ಕುಣಿತದ ಮಟ್ಟು. ನನ್ನ ಕೈಯಿಂದ ಹೊರಟ ವಿಷ ಊರಿನ ಪ್ರತಿ ಮನೆಯ ಪಿಯಾನೋದ ಮೇಲೆ ಕೂತಿದೆ.

12 ನವೆಂಬರ್

'ಮೌನ ಬಳಗ' ಹುಟ್ಟಿತು. ಸ್ಥಾಪಕ: ಲೇಬರೆಕ್ಟ್ ಕ್ವಾಂಟ್, ಅಂದರೆ ನಾನು. ಮೊದಲ ಸದಸ್ಯ ಫ್ಲೋರಿಯಾನ್, ದೇವಶಾಸ್ತ್ರದ ವಿದ್ಯಾರ್ಥಿ. ಭುಜದವರೆಗೆ ಕೂದಲು, ಉಳಿದ ವಿಷಯಗಳಲ್ಲಿ ಗಂಭೀರ. ಅವನ ಕಡೆಯಿಂದ ವಿದ್ಯಾರ್ಥಿಗಳು ಬಂದಾರು. ಕಳೆದ ಚಳಿಗಾಲದಲ್ಲಿ ನಾನು ಓದಿದ ಮೂರು ಕರಪತ್ರಗಳ ಸಾರವನ್ನು ಅವನಿಗೆ ಹೇಳಿದೆ. ಒಂದು ಕಲೆಯ ಸ್ವಾತಂತ್ರ್ಯದ ಬಗ್ಗೆ, ಇನ್ನೊಂದು ಪತ್ರಿಕಾ ಸ್ವಾತಂತ್ರ್ಯದ ಬಗ್ಗೆ, ಮೂರನೆಯದು ತಣ್ಣೀರು ಸ್ನಾನದ ಬಗ್ಗೆ. ಮೂರೂ ಒಂದೇ ಮಾತನ್ನು ಹೇಳುತ್ತವೆ.

ನಿಯಮ ಒಂದೇ: ಸಂಗೀತ ನಡೆಯುವಾಗ, ನಡುವೆ, ಮುಗಿದ ಮೇಲೆ, ಯಾವಾಗಲೂ ಮೌನ. ಅಭ್ಯಾಸದಿಂದ ಕೈ ಮೇಲೆದ್ದರೂ ಸದ್ದಾಗದಿರಲೆಂದು ಎಲ್ಲರೂ ತುಪ್ಪಳದ ಕೈಗವಸು ಹಾಕಬೇಕು. ಬಣ್ಣ ಬೂದು.

"ಬೇಸಿಗೇಲಿ?" ಎಂದು ಫ್ಲೋರಿಯಾನ್ ಕೇಳಿದ.

ಹೊಸ ವಿಚಾರಗಳಿಗೆ ಮೊದಲ ಅಡ್ಡಿ ಯಾವಾಗಲೂ ಒಳಗಿನಿಂದಲೇ ಬರುತ್ತದೆ.

14 ನವೆಂಬರ್

ಕೈಗವಸಿಗಾಗಿ ಬ್ರೂಲ್ ಬೀದಿಗೆ ಹೋದೆ. ಬೀದಿಯ ತುಂಬ ಹಸಿ ಚರ್ಮದ ವಾಸನೆ. ಹೊಲಿಗೆಯ ಮನೆಯಲ್ಲಿ ಒಬ್ಬಳು ಮೊಲದ ತುಪ್ಪಳದ ಚೂರುಗಳ ರಾಶಿಯ ನಡುವೆ ಕೂತಿದ್ದಳು, ಬಾಯಲ್ಲಿ ಸೂಜಿ. ಸಂಗೀತಗಾರ ಝೈಡೆಲ್‌ನ ತಂಗಿಯಂತೆ. ಯಾವ ಝೈಡೆಲ್ ಎಂದು ನಾನು ಕೇಳಲಿಲ್ಲ.

ಉದ್ದೇಶವನ್ನು ವಿವರಿಸಿದೆ. ಅವಳು ಸೂಜಿ ತೆಗೆದಳು.

"ಚಪ್ಪಾಳೆ ಹೊಡೀಬಾರ್ದು ಅಷ್ಟೇ ತಾನೆ? ಕೈ ಕಟ್ಕೊಂಡು ಕೂತ್ರೆ ಆಗಲ್ವೇನ್ರೀ?"

"ಇದು ಒಂದು ಸಂಕೇತ."

"ಓಹೋ. ಸಂಕೇತಕ್ಕೆ ಐದು ಬೆರಳು ಬೇಕಾ, ಇಲ್ಲ ಹೆಬ್ಬೆರಳೊಂದಿದ್ರೆ ಸಾಕಾ?"

ಕೆಳವರ್ಗದ ಹೆಣ್ಣುಮಕ್ಕಳಿಗೆ ಶಿಕ್ಷಣ ಸಿಗದಿರುವುದರ ಬಗ್ಗೆ ಒಂದು ಕರಪತ್ರ ಬರೆಯಬೇಕು.

ಅಳತೆಗೆಂದು ನನ್ನ ಕೈ ಹಿಡಿದು ನೋಡಿದಳು. "ಸುತ್ತಿಗೆ ಕೆಲಸದೋರ ಕೈ," ಎಂದಳು. ಸರಿಯಾಗಿಯೇ ಹೇಳಿದಳು.

18 ನವೆಂಬರ್

ನಿನ್ನೆ ಭಾನುವಾರ, ಕರಪತ್ರ ಹಂಚಲು ಊರ ಹೊರಗಿನ ಬಿಯರ್ ತೋಟದ ಕುಣಿತದ ಮನೆಗೆ ಹೋಗಬೇಕಾಯಿತು. ಶತ್ರುವಿನ ಕೋಟೆ. ಬಾಗಿಲಲ್ಲಿ ಹತ್ತು ಹಂಚಿ ಹೊರಡುವವನಿದ್ದೆ. ಆದರೆ ರೋಗವನ್ನು ಅರಿಯದೆ ಮದ್ದು ಕೊಡುವುದು ಹೇಗೆ? ಅದಕ್ಕೇ ದೀಪ ಆರಿಸುವವರೆಗೂ ಕೂತೆ. ಕುಣಿಯುವವರು ಬೆವರುತ್ತಾರೆ, ನಗುತ್ತಾರೆ, ಹುಳಿ ಹುಳಿಯಾದ ಗೋಸೆ ಬಿಯರ್ ಕುಡಿಯುತ್ತಾರೆ, ತಮಗೆ ಬೇಕಾದದ್ದನ್ನು ಕೂಗಿ ಮತ್ತೆ ಮತ್ತೆ ನುಡಿಸಿಕೊಳ್ಳುತ್ತಾರೆ. ವಾಲ್ಟ್ಸ್ ಕುಣಿತದ ಮಟ್ಟು ನುಡಿಯುವಾಗ ಮೇಜಿನ ಕೆಳಗೆ ಯಾರದೋ ಕಾಲು ಮೂರು ಮೂರಕ್ಕೆ ತಾಳ ಹಾಕುತ್ತಿತ್ತು. ಬಗ್ಗಿ ನೋಡಿದೆ. ನನ್ನದೇ. ಚಳಿಗೆ.

ವಾದ್ಯವೃಂದದ ಮೂಲೆಯಲ್ಲಿ ದೊಡ್ಡ ಪಿಟೀಲಿನಂಥ ವಿಯೋಲ ಹಿಡಿದು ಕೂತಿದ್ದವನೇ ಆಂಬ್ರೋಸ್ ಝೈಡೆಲ್, ಆ ಹೊಲಿಗೆಯವಳ ಅಣ್ಣ. ಅವಳೂ ಇದ್ದಳು, ಕರೆದು ಪರಿಚಯ ಮಾಡಿಸಿದಳು. ಮೂವತ್ತಾರರ ಮನುಷ್ಯ, ಬಾಗಿದ ಬೆನ್ನು, ಯಾರು ಏನು ಹೇಳಿದರೂ ಮೊದಲು ಕ್ಷಮೆ ಕೇಳುವ ಜಾತಿ. ಏಳು ವರ್ಷದಿಂದ ಒಂದು ಸಿಂಫನಿ ಬರೆಯುತ್ತಿದ್ದಾನಂತೆ. ಬಿಡುವಿನಲ್ಲಿ, ಗಲಾಟೆಯ ನಡುವೆ, ಅದರ ನಿಧಾನದ ಭಾಗದಿಂದ ನಾಲ್ಕು ಸಾಲು ನುಡಿಸಿ ತೋರಿಸಿದ.

ಮನೆಗೆ ಬಂದು ಮೂರೂ ಕರಪತ್ರಗಳನ್ನು ಮತ್ತೆ ತಿರುವಿ ನೋಡಿದೆ. ಆ ನಾಲ್ಕು ಸಾಲಿನ ಬಗ್ಗೆ ಯಾವ ಕರಪತ್ರದಲ್ಲೂ ಮಾತಿಲ್ಲ.

14 ಡಿಸೆಂಬರ್

ಆಂಬ್ರೋಸನ ಸಿಂಫನಿಯನ್ನು ತುಪ್ಪಳದವರು ಒಪ್ಪಿಕೊಂಡಿದ್ದಾರೆ! ಜನವರಿ ಇಪ್ಪತ್ತೊಂದಕ್ಕೆ, ಅವನೇ ನಿಂತು ನಡೆಸಬೇಕು. ಹೇಳಲು ನನ್ನ ಕೋಣೆಗೆ ಬಂದಿದ್ದ, ಟೋಪಿ ಕೈಯಲ್ಲಿ ಹಿಂಡುತ್ತ. ಆದರೆ ಅವರದೊಂದು ಕಟ್ಟಳೆ ಇದೆ. ಹೊಸಬರ ಕೃತಿಯಲ್ಲಿ ಒಂದಾದರೂ ಭಾಗವನ್ನು ಸಭೆ ಚಪ್ಪಾಳೆ ತಟ್ಟಿ ಮತ್ತೆ ಕರೆಸಿದರೆ, ಅದನ್ನು ಈಸ್ಟರ್ ಜಾತ್ರೆಯ ದೊಡ್ಡ ಕಛೇರಿಯಲ್ಲಿ ಇನ್ನೊಮ್ಮೆ ನುಡಿಸುತ್ತಾರೆ. ಊರೂರಿನ ಪ್ರಕಾಶಕರು ಬಂದಿರುತ್ತಾರೆ. ಇಲ್ಲವಾದರೆ ಕಪಾಟಿಗೆ.

"ಎರಡನೇ ಭಾಗಕ್ಕೆ ಬರಬಹುದು ಅಂತ ಆಸೆ," ಎಂದ ಆಂಬ್ರೋಸ್. "ಕೆಳಗಿನ ಯಜಮಾನರಿಗೆ ಹೊಸದು ಅಂದ್ರೆ ಹೆದರಿಕೆ. ಮೇಲಿರೋ ವಿದ್ಯಾರ್ಥಿಗಳ ಕಡೆ ನೋಡ್ತಾರೆ. ಅವರು ತಟ್ಟಿದ್ರೆ ಇವರೂ ತಟ್ತಾರೆ. ಅದಕ್ಕೇ ನಿನ್ನ ಬಳಗ..."

"ಚಪ್ಪಾಳೆಗೆ ಬೇಡುತ್ತಿದ್ದೀಯಾ? ನೀನು? ಆ ನಾಲ್ಕು ಸಾಲು ಬರೆದವನು?"

"ತಪ್ಪಾಯ್ತು," ಎಂದ. ಆಮೇಲೆ, ಟೋಪಿಗೆ ಹೇಳುವಂತೆ, "ಈ ಸಲ ಆಗ್ಲಿಲ್ಲ ಅಂದ್ರೆ ಬರೆಯೋದು ನಿಲ್ಲಿಸ್ಬಿಡ್ತೀನಿ, ಲೇಬರೆಕ್ಟ್. ವಯಸ್ಸಾಯ್ತು," ಎಂದ.

ಅವನಿಗೆ ಧೈರ್ಯ ತುಂಬಿ ಕಳಿಸಿದೆ. ಪಾಪ, ತನ್ನ ಯೋಗ್ಯತೆ ಅವನಿಗೇ ಗೊತ್ತಿಲ್ಲ.

5 ಜನವರಿ 1845

ಬಳಗದಲ್ಲೀಗ ಮೇಲಂತಸ್ತಿನ ಕಟಕಟೆಯ ಉದ್ದಕ್ಕೂ ನಿಲ್ಲುವಷ್ಟು ಜನರಿದ್ದಾರೆ. ಕೈಗವಸುಗಳನ್ನು ತರಲು ಹೋದಾಗ ಆಂಬ್ರೋಸನ ತಂಗಿ, ಫ್ರಾಯ್ಲೈನ್ ಹೆಡ್‌ವಿಗ್ ಝೈಡೆಲ್, ಕ್ರಿಸ್‌ಮಸ್ಸಿನಿಂದ ಉಳಿದ ಒಣದ್ರಾಕ್ಷಿ ಬ್ರೆಡ್ಡು ಕೊಟ್ಟಳು. ಅಣ್ಣನಿಗಾಗಿ ಒಂದೊಂದು ವಾದ್ಯಕ್ಕೂ ಬೇಕಾದ ಸ್ವರದ ಪಾಲುಗಳನ್ನು ಅವಳೇ ಕೂತು ನಕಲು ಮಾಡುತ್ತಿದ್ದಾಳೆ. ಬೆರಳ ತುದಿಯಲ್ಲಿ ಒಂದು ಕಡೆ ಸೂಜಿಯ ಗಾಯ, ಇನ್ನೊಂದು ಕಡೆ ಶಾಯಿ.

"ಹೆರ್ ಕ್ವಾಂಟ್, ಆ ಕೊಳಲು ಊದೋರ ಮುಂದೆ ನೀವು ಮೊಲದ ಪಂಜ ಹಾಕ್ಕೊಂಡು ಕೂತ್ಕೊಳ್ಳಿ, ನಂಗೇನೂ ಬೇಜಾರಿಲ್ಲ. ಆದ್ರೆ ಅವತ್ತು ಅಣ್ಣನಿಗೆ ಸಹಾಯ ಮಾಡ್ತೀರಲ್ಲ?"

"ಈ ಊರು ಇದುವರೆಗೆ ಯಾರಿಗೂ ಕೊಡದಂಥ ಗೌರವ ಅವನಿಗೆ ಸಲ್ಲುತ್ತದೆ. ನನ್ನ ಮಾತು."

ಅವಳ ಮುಖ ಅರಳಿತು. ಇನ್ನೊಂದು ತುಂಡು ಬ್ರೆಡ್ಡು ಕೊಟ್ಟಳು. ಎಡಗೆನ್ನೆಯಲ್ಲಿ ಗುಳಿ ಬೀಳುತ್ತದೆ. ಇದಕ್ಕೂ ಬಳಗದ ಕೆಲಸಕ್ಕೂ ಸಂಬಂಧವಿಲ್ಲ.

22 ಜನವರಿ

ಗೆದ್ದೆವು! ನಿನ್ನೆಯದೆಲ್ಲವನ್ನೂ ಬರೆದಿಡಬೇಕು. ಮುಂದೆ ಯಾರಾದರೂ ಕೇಳಿಯಾರು.

ಸಭಾಂಗಣ ತುಂಬಿತ್ತು. ಕೆಳಗೆ ನರಿ, ಬೀವರ್, ಕರಡಿ, ಎಲ್ಲವೂ ಹೆಂಡತಿಯರ ಸಮೇತ. ಮೇಲೆ ಕಟಕಟೆಯ ಮೇಲೆ ಈ ತುದಿಯಿಂದ ಆ ತುದಿಗೆ ಬೂದು ಕೈಗವಸುಗಳ ಸಾಲು. ಆಂಬ್ರೋಸ್ ಬಂದು ನಿಂತ. ಎರವಲು ಕೋಟು, ತೋಳು ಗಿಡ್ಡ. ಮೊದಲ ಭಾಗ ಬಿರುಗಾಳಿಯಂತೆ ಬಂದು ಹೋಯಿತು. ಕಂಬದಿಂದ ಈಚೆಗೆ ಬಗ್ಗಿ ನೋಡಿದೆ. ಹೆರ್ ಡ್ರೆಕ್ಸ್ಲರ್ ಎರಡೂ ಕೈ ಎತ್ತಿದ್ದರು, ತಟ್ಟಲೆಂದೇ! ಎತ್ತಿದವರು ತಲೆಯೆತ್ತಿ ನಮ್ಮ ಕಡೆ ನೋಡಿದರು. ನಾವು ಕಲ್ಲು. ಅವರು ಮೆಲ್ಲಗೆ ಕೈ ಇಳಿಸಿ, ಅದಕ್ಕಾಗಿಯೇ ಎತ್ತಿದ್ದರೋ ಎಂಬಂತೆ, ಕಾಲರು ಸರಿಮಾಡಿಕೊಂಡರು. ಅವರ ಹಿಂದಿನ ಸಾಲು ಅವರನ್ನು ನೋಡಿತು, ಅದರ ಹಿಂದಿನದು ಅದನ್ನು.

ನಂತರ ಎರಡನೆಯ ಭಾಗ. ಆ ನಾಲ್ಕು ಸಾಲನ್ನು ಮೊದಲು ವಿಯೋಲಗಳು ಹಾಡಿದವು, ಆಮೇಲೆ ಶಹನಾಯಿಯಂಥ ಓಬೋ, ಕೊನೆಗೆ ದೂರದಿಂದ ಕರೆಯುವ ಹಾಗೆ ಒಂದೇ ಒಂದು ಕಹಳೆ. ನಾನು ಅತ್ತೆ. ಫ್ಲೋರಿಯಾನ್ ತುಪ್ಪಳದಿಂದ ಮೂಗು ಒರೆಸಿಕೊಂಡ. ಭಾಗ ಮುಗಿದಾಗ ಕೆಳಗೆ ಎಲ್ಲೋ ಮುಂದಿನ ಸಾಲಿನ ಬದಿಯಲ್ಲಿ ಯಾರೋ ಒಬ್ಬರು ಚಪ್ಪಾಳೆ ಶುರುಮಾಡಿದರು. ಒಂಟಿ ಚಪ್ಪಾಳೆ. ಕಂಬದ ಮರೆಯಲ್ಲಿ ಯಾರೆಂದು ಕಾಣಲಿಲ್ಲ. "ಶ್ಶ್!" ಎಂದು ಮೊದಲು ಅಂದವನು ನಾನೇ. ಕೂಡಲೇ ಇಡೀ ಕಟಕಟೆ "ಶ್ಶ್!" ಎಂದಿತು. ಆ ಚಪ್ಪಾಳೆ ಇನ್ನೂ ಎರಡು ಮೂರು ಸಲ ತಟ್ಟಿ ನಿಂತಿತು. ಹಟಮಾರಿ ಜನ.

ಕೊನೆಯ ಭಾಗ ಮುಗಿದಾಗ ಆವರಿಸಿದಂಥ ಮೌನ ಈ ಊರು ಹುಟ್ಟಿದಾಗಿನಿಂದ ಇರಲಿಲ್ಲ. ದೀಪದ ಬತ್ತಿ ಚಿಟಿಗುಟ್ಟುವುದು ಕೇಳಿಸಿತು. ಆಂಬ್ರೋಸ್ ನಮಗೆ ಬೆನ್ನು ಮಾಡಿ ಕೈ ಎತ್ತಿದಂತೆಯೇ ನಿಂತಿದ್ದ, ಬಹಳ ಹೊತ್ತು. ಆಮೇಲೆ ಕೈ ಇಳಿಸಿ, ತಿರುಗದೆಯೇ ಪಕ್ಕದ ಬಾಗಿಲಿನಿಂದ ಹೋದ. ಆನಂದದ ಭಾರ. ಜನ ಪಿಸುಗುಡುತ್ತ ಕೋಟು ಹಾಕಿಕೊಂಡರು, ಚರ್ಚಿನಿಂದ ಹೊರಡುವಂತೆ.

ಅಭಿನಂದಿಸಲು ಅವನ ಮನೆಗೆ ಹೋದೆವು. ಬಾಗಿಲು ತೆರೆಯಲಿಲ್ಲ.

24 ಜನವರಿ

ಪತ್ರಿಕೆ: "ಹೆರ್ ಝೈಡೆಲ್ ಅವರ ಸಿಂಫನಿಯನ್ನು ಸಭೆ ಸ್ಪಷ್ಟವಾದ ಅನಾದರದಿಂದ ಬರಮಾಡಿಕೊಂಡಿತು." ಸಮಿತಿಯವರು ಕೃತಿಯನ್ನು ಹಿಂದಕ್ಕೆ ಕಳಿಸಿದ್ದಾರೆ.

ಅನಾದರ! ಕತ್ತೆಗಳು. ನಾಯಿಗಳು. ತುಪ್ಪಳ ಸುಲಿದ ಮೇಲೆ ಉಳಿಯುವ ಭಾಗದವರು.

27 ಜನವರಿ

ಇವತ್ತು ಹೆಡ್‌ವಿಗ್ ಅಚ್ಚಿನಮನೆಗೇ ಬಂದಳು. ಸುತ್ತಿಗೆಗಳೆಲ್ಲ ನಿಂತವು. ಕೆಲಸದವರೆಲ್ಲ ತಗಡು ನೋಡುವಂತೆ ನಟಿಸಿ ಕಿವಿ ಇತ್ತ ಇಟ್ಟರು.

"ಕೈ ಚಾಚಿ," ಎಂದಳು. ಚಾಚಿದೆ. ನೋಡಿದಳು. "ಸರಿಯಾಗೇ ಇದೆ. ಪಾರ್ಶ್ವವಾಯು ಬಡಿದಿರಬೇಕು ಅಂದ್ಕೊಂಡಿದ್ದೆ."

"ನೋಡಿ, ಸಮಿತಿಯ ಅಜ್ಞಾನ..."

"ಸಮಿತಿ ಅಲ್ಲ, ನೀವು. ನಾನೇ ಹೊಲ್ದು ಕೊಟ್ಟೆ! ಒಂದೊಂದು ಬೆರಳೂ ನಾನೇ! ನನ್ನಣ್ಣನ ಬಾಯಿಗೆ ತುರುಕೋಕೆ ನನ್ನ ಕೈಯಿಂದ್ಲೇ ತುಪ್ಪಳ!"

"ಅದು ಪರಮ ಗೌರವ. ಆ ಒಬ್ಬ ಮೂರ್ಖ ಚಪ್ಪಾಳೆ ತಟ್ಟದೇ ಇದ್ದಿದ್ದರೆ ಇನ್ನೂ..."

"ಆ ಮೂರ್ಖ ನಾನೇ ಕಣ್ರೀ."

ಸುತ್ತಿಗೆ ಕೈಯಲ್ಲೇ ಇತ್ತು.

"ಎಲ್ರೂ ಸೇರಿ ಶ್ಶ್ ಅಂದ್ರಿ. ನಾಯಿ ಓಡಿಸೋ ಹಾಗೆ. ಇಡೀ ಸಭೆ ನನ್ನ ಕಡೆ ತಿರುಗಿ ನೋಡ್ತು." ಬಾಗಿಲವರೆಗೆ ಹೋದವಳು ನಿಂತಳು. "ನಿಮಗೆ ಅಷ್ಟೊಂದು ಇಷ್ಟ ಆಗಿತ್ತಾ ಅದು?"

"ಅತ್ತುಬಿಟ್ಟೆ," ಎಂದೆ.

"ಹಾಗಿದ್ರೆ ಜೋರಾಗಿ ಅಳಬೇಕಿತ್ತು," ಎಂದು ಹೋದಳು.

ಮಧ್ಯಾಹ್ನದ ಮೇಲೆ ಒಂದು ತಗಡು ಹಾಳಾಯಿತು. ಸ್ವರಗಳನ್ನು ನೇರವಾಗಿಯೇ ಹೊಡೆದುಬಿಟ್ಟಿದ್ದೆ, ಕನ್ನಡಿಯಂತಲ್ಲ.

9 ಫೆಬ್ರವರಿ

ಬಳಗದ ಸಭೆ. ಸಮಿತಿಯ ವಿರುದ್ಧ ಪ್ರತಿಭಟಿಸಬೇಕೆಂದು ಫ್ಲೋರಿಯಾನ್ ಸೂಚಿಸಿದ. ಹೇಗೆ ಎಂದೆ. "ಮೌನವಾಗಿ," ಎಂದ.

ಮನೆಗೆ ಬಂದು ಮಲಗಿದೆ.

3 ಮಾರ್ಚ್

ಕೆಲಸದ ಮೇಜಿನ ಮೇಲೆ ಹೊಸದೊಂದು ಹಸ್ತಪ್ರತಿ ಇತ್ತು. ವಾಲ್ಟ್ಸ್, ಬಿಯರ್ ತೋಟದ ವಾದ್ಯವೃಂದಕ್ಕಾಗಿ ಎ. ಝೈಡೆಲ್ ಬರೆದು ಪಿಯಾನೋಗೂ ಇಳಿಸಿದ್ದು. ಮೊದಲ ಪುಟ ನೋಡಿದ ಕೂಡಲೇ ಗೊತ್ತಾಯಿತು. ಆ ನಾಲ್ಕು ಸಾಲು. ಸೊಂಟಕ್ಕೆ ಪಟ್ಟಿ ಕಟ್ಟಿ, ಮೂರು ಮೂರು ಹೆಜ್ಜೆಗೆ ಕುಣಿಯಲು ಬಿಟ್ಟಿದ್ದಾನೆ.

ಇದನ್ನು ಹೊಡೆಯುವುದಿಲ್ಲವೆಂದು ಯಜಮಾನರಿಗೆ ಹೇಳಲು ಎದ್ದೆ. ಹೇಳಿದರೆ ಪಕ್ಕದ ಮೇಜಿನ ಮುದುಕ ಹೊಡೆಯುತ್ತಾನೆ. ಅವನು ಸ್ವರದ ಬಾಲಗಳನ್ನು ವಕ್ರ ಮಾಡುತ್ತಾನೆ. ಮತ್ತೆ ಕೂತೆ. ಇಷ್ಟು ಜಾಗ್ರತೆಯಿಂದ ನಾನು ಈವರೆಗೆ ಯಾವುದನ್ನೂ ಹೊಡೆದಿಲ್ಲ. ಸಂಜೆಯ ಹೊತ್ತಿಗೆ ಮುದುಕ ನಗುತ್ತಿದ್ದ.

"ಏನಯ್ಯಾ ಕ್ವಾಂಟ್, ಸುತ್ತಿಗೇಲೇ ಕುಣೀತಿದ್ದೀಯಲ್ಲ!"

ಅದು ಕೆಲಸದ ಲಯ. ಪ್ರತಿಯೊಂದು ಕಸುಬಿಗೂ ಇರುತ್ತದೆ.

15 ಮಾರ್ಚ್

ಕರಡು ತಿದ್ದಲು ಆಂಬ್ರೋಸ್ ಬಂದಿದ್ದ. ಅವನಿಗೆ ಹೇಳಬೇಕೆಂದು ಸಿದ್ಧಪಡಿಸಿಟ್ಟಿದ್ದ ಮಾತುಗಳೆಲ್ಲ ಇದ್ದವು: ಪತನ, ಮಾರಾಟ, ಜನತೆಯ ಅಫೀಮು. ಅವನು ತಗಡನ್ನು ಬೆಳಕಿಗೆ ಹಿಡಿದು ನೋಡಿ, "ಎಷ್ಟು ಚೆನ್ನಾಗಿ ಹೊಡ್ದಿದ್ದೀಯ," ಎಂದ. ನಾನು ಕರಡಿನ ಹಾಳೆ ಅವನ ಮುಂದೆ ಸರಿಸಿದೆ.

"ಬೇಜಾರು ಮಾಡ್ಕೋಬೇಡ ಮಾರಾಯ," ಎಂದ ಅವನೇ. "ನೀನು ಅತ್ತಿದ್ದೆ ಅಂತ ಹೆಡ್‌ವಿಗ್ ಹೇಳಿದ್ಳು. ಆದ್ರೆ ನನಗೆ ಬೆನ್ನಲ್ಲಿ ಕಣ್ಣಿಲ್ಲ. ಮುಂದೆ ಕೂತ ಪಿಟೀಲಿನೋರ ಮುಖ ಮಾತ್ರ ಕಾಣ್ತಿತ್ತು. ಸಾವಿನ ಮನೆಗೆ ಬಂದೋರ ಥರ ನನ್ನೇ ನೋಡ್ತಿದ್ರು."

"ಇನ್ನು ಸಿಂಫನಿ ಬರೆಯೋದಿಲ್ವಾ?"

"ಯಾರಿಗೆ?"

ಇದಕ್ಕೆ ಉತ್ತರ ನನ್ನ ಬಳಿ ಯಾವಾಗಲೂ ಇರುತ್ತಿತ್ತು: ಮುಂದಿನ ಪೀಳಿಗೆಗೆ, ಜನತೆಗೆ. "ನನಗೆ," ಎಂದುಬಿಟ್ಟೆ. ಅದು ತತ್ವದ ದೃಷ್ಟಿಯಿಂದ ತೀರ ದುರ್ಬಲವಾದ ಉತ್ತರ.

30 ಮಾರ್ಚ್

ಉಪವಾಸದ ದಿನಗಳು ಮುಗಿದವು, ತೋಟದಲ್ಲಿ ಮತ್ತೆ ಕುಣಿತ. ಅಚ್ಚಾದ ಪ್ರತಿಗಳನ್ನು ತಲುಪಿಸಲು ಹೋದೆ. ಇನ್ನೊಬ್ಬರ ಕೈಯಲ್ಲಿ ಕಳಿಸಬಹುದಿತ್ತು, ಹಾಳೆಗಳು ಮಡಿಕೆ ಬಿದ್ದರೆ? ಹೆಡ್‌ವಿಗ್ ಬಾಗಿಲಲ್ಲೇ ಸಿಕ್ಕಳು. ಜನವರಿಯಿಂದ ಮಾತಿಲ್ಲ.

"ಮೊಲ ಎಲ್ಲಿ?" ಎಂದು ನನ್ನ ಬರಿಗೈ ನೋಡಿ ಕೇಳಿದಳು.

"ಬೆಚ್ಚಗಾಯಿತಲ್ಲ, ಬಿಲ ಸೇರಿದೆ."

ನಕ್ಕಳು. ಗುಳಿ. ಆಮೇಲೆ ವಿಷಯ ಹೇಳಿದಳು. ವಾದ್ಯವೃಂದದ ಯಜಮಾನ ಮುಟ್ಸೆಗೆ ಆಂಬ್ರೋಸನ ಮೇಲೆ ಒಂದಿಷ್ಟು ಕನಿಕರವಿದೆ. ಮುಂದಿನ ಭಾನುವಾರ ವಾಲ್ಟ್ಸ್ ಮೊದಲ ಸಲ ನುಡಿಯುತ್ತದೆ. ಜನ ಅದನ್ನು ಕೂಗಿ ಮತ್ತೆ ಕರೆಸಿದರೆ, "ಈ ಮಟ್ಟು ಮೊದಲು ಹೇಗಿತ್ತು ಕೇಳಿ" ಎಂದು ಸಿಂಫನಿಯ ನಿಧಾನದ ಭಾಗವನ್ನು ಪೂರ್ತಿ, ಬರೆದದ್ದು ಬರೆದಂತೆಯೇ ನುಡಿಸುವುದಾಗಿ ಮಾತು ಕೊಟ್ಟಿದ್ದಾನೆ. ಕರೆಸದಿದ್ದರೆ ಇಲ್ಲ, ಬಿಯರ್ ಕುಡಿಯುವವರಿಗೆ ಅವನು ಹೆದರುತ್ತಾನೆ.

"ಅಣ್ಣ ರಾತ್ರಿಯೆಲ್ಲಾ ಪಾಲುಗಳನ್ನ ತೆಗೆದು ತೆಗೆದು ನೋಡ್ತಾನೆ. ತಿದ್ತಾನೆ ಕೂಡ. ಆ ಸಿಂಫನಿ ಮುಟ್ಟಿ ಎರಡು ತಿಂಗಳಾಗಿತ್ತು. ಈ ಸಲಾನೂ ಯಾರೂ ಉಸಿರೆತ್ತದೇ ಹೋದ್ರೆ..." ನನ್ನ ಕೈಯಿಂದ ಪ್ರತಿಗಳ ಕಟ್ಟನ್ನು ತೆಗೆದುಕೊಂಡಳು. "ಮೊದ್ಲು ಯಾರಾದ್ರೂ ಶುರು ಮಾಡ್ಬೇಕು, ಹೆರ್ ಕ್ವಾಂಟ್. ನಾನು ಒಬ್ಳೇ ಮಾಡಿ ನೋಡಿದ್ದೀನಿ."

2 ಏಪ್ರಿಲ್

ಬಳಗದ ತುರ್ತು ಸಭೆ ಕರೆದೆ. ತತ್ವದಲ್ಲಿ ಯಾವ ಬದಲಾವಣೆಯೂ ಇಲ್ಲವೆಂದು ಮೊದಲೇ ಸ್ಪಷ್ಟಪಡಿಸಿದೆ. ಸಂಗೀತಕ್ಕೆ ಚಪ್ಪಾಳೆ ತಟ್ಟುವುದು ಬೇರೆ, ಸಂಗೀತ ಹುಟ್ಟಲೆಂದು ತಟ್ಟುವುದು ಬೇರೆ. ಮೊದಲನೆಯದು ಕಳ್ಳತನ, ಎರಡನೆಯದು ಕೃಷಿ. ವಾಲ್ಟ್ಸಿಗೆ ತಟ್ಟಬಹುದು, ಏಕೆಂದರೆ ಅದು ಸಂಗೀತವಲ್ಲ.

"ಆಮೇಲೆ ನಿಧಾನದ ಭಾಗ ಮುಗಿದಾಗ?" ಎಂದ ಫ್ಲೋರಿಯಾನ್.

ಅವನಿಗೆ ಎಂದೂ ನಂಬಿಕೆ ಸಾಲದು. ಅದನ್ನು ಆಗ ನೋಡೋಣ ಎಂದೆ. ಹೆಡ್‌ವಿಗ್ ಈ ಬಗ್ಗೆ ಹೇಳಿದ್ದನ್ನು ಸಭೆಗೆ ತಿಳಿಸಲಿಲ್ಲ: "ಅದು ಮುಗಿದ್ಮೇಲೂ ಕಲ್ಲಿನ ಹಾಗೆ ಕೂತ್ರೆ, ಗೋಸೆ ಲೋಟ ತಂದು ನಿಮ್ಮ ತಲೆ ಮೇಲೆ ಸುರೀತೀನಿ. ದೊಡ್ಡ ಲೋಟ."

5 ಏಪ್ರಿಲ್

ಕೆಲಸದಿಂದ ಬಂದು ಬಾಗಿಲು ಮುಚ್ಚಿ ಚಪ್ಪಾಳೆ ಅಭ್ಯಾಸ ಮಾಡಿದೆ. ಅಂಗೈ ಚಪ್ಪಟೆ ಹಿಡಿದರೆ ಸದ್ದು ಒಡೆಯುತ್ತದೆ, ಕೊಂಚ ಗುಳಿ ಮಾಡಿದರೆ ತುಂಬುತ್ತದೆ. ಗೋಡೆಯಾಚೆಯಿಂದ ಮನೆ ಒಡತಿ ಪೊಶ್ಮನ್ ಕೂಗಿದಳು: "ಏನ್ರೀ ಅದು, ಸೊಳ್ಳೆ ಇನ್ನೂ ಬಂದಿಲ್ಲವಲ್ಲ!"

ಕೋಣೆಯಲ್ಲಿ ಒಬ್ಬನೇ ತಟ್ಟಿದರೆ ಅದು ತೀರ ಚಿಕ್ಕ ಸದ್ದು. ಇದು ನನಗೆ ಮೊದಲು ಗೊತ್ತಿರಲಿಲ್ಲ. ತಟ್ಟುವುದನ್ನು ಮುಂದುವರಿಸಲು ಕಷ್ಟ, ನಿಲ್ಲಿಸಲು ಇನ್ನೂ ಕಷ್ಟ.

ಕೈಗವಸುಗಳನ್ನು ಪೊಶ್ಮನ್ನಳ ಬೆಕ್ಕಿಗೆ ಕೊಟ್ಟೆ. ಒಂದರ ಮೇಲೆ ಆಗಲೇ ಮಲಗಿದೆ.

ನಾಳೆ ಭಾನುವಾರ, ಏಪ್ರಿಲ್ ಆರು, ಮಧ್ಯಾಹ್ನ ಮೂರು ಗಂಟೆಗೆ, ತೋಟದ ಕಬ್ಬಿಣದ ಗೇಟಿನ ಬಳಿ. ಹೆಡ್‌ವಿಗ್ ಎಡಗಡೆ ನಿಂತಿರುತ್ತಾಳಂತೆ. ಬರಿಗೈಯಲ್ಲಿ ಬರಬೇಕಂತೆ.